ಅಳಿಸಿದರೂ ಅಳಿಯದ ಫೈಲು

ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ಫೈಲುಗಳನ್ನೆಲ್ಲ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿ ನಿಶ್ಚಿಂತರಾಗುವವರೇ ಹೆಚ್ಚು. ಆದರೆ ಹಾರ್ಡ್ ಡಿಸ್ಕಿನಲ್ಲಿ ಆಗ ಅಳಿಯುವುದು ಫೈಲಿನ ವಿಳಾಸ ಮಾತ್ರ. ಗ್ರಂಥಾಲಯದ ಸೂಚಿಯಿಂದ ಕಾರ್ಡೊಂದನ್ನು ಕಿತ್ತಂತೆ; ಪುಸ್ತಕ ಕಪಾಟಿನಲ್ಲೇ ಇರುತ್ತದೆ. ಆ ಜಾಗದಲ್ಲಿ ಬೇರೊಂದು ಬಂದು ಕೂರುವತನಕ ಹುಡುಕಬಲ್ಲವರಿಗೆ ಅದು ಸಿಗುತ್ತದೆ.

ಅಮೆರಿಕದ ಎಂ.ಐ.ಟಿ.ಯ ವಿದ್ಯಾರ್ಥಿಗಳಾಗಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಇದನ್ನು ಪರೀಕ್ಷಿಸಿಯೇ ನೋಡಿದರು. ಅವರು ಕೊಂಡ 158 ಹಳೆಯ ಡಿಸ್ಕುಗಳಲ್ಲಿ 129 ಕೆಲಸ ಮಾಡುತ್ತಿದ್ದವು. ಅವುಗಳಲ್ಲಿ ಸರಿಯಾಗಿ ಶುಚಿಯಾಗಿದ್ದವು ಬರೀ 12! ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ರೋಗಿಗಳ ದಾಖಲೆಗಳು ಸಿಕ್ಕವೆಂದು 2003ರಲ್ಲಿ ಅವರು ಪ್ರಕಟಿಸಿದರು. ಇಲಿನಾಯ್ ರಾಜ್ಯದ ಎ.ಟಿ.ಎಂ. ಒಂದರ ಡಿಸ್ಕಿನಲ್ಲಂತೂ ವರ್ಷವೊಂದರ ವ್ಯವಹಾರ ಖಾತೆ ಸಂಖ್ಯೆಗಳ ಸಮೇತ ಹಾಗೇ ಇತ್ತು. ಆ ಗ್ರಾಹಕರು ಪಾಪ, ಏನನ್ನೂ ಮಾರಿರಲಿಲ್ಲ.

ಫಾರ್ಮ್ಯಾಟ್ ಮಾಡಿದರೆ ಸಾಲದೇ? 'ಕ್ವಿಕ್ ಫಾರ್ಮ್ಯಾಟ್' ಹೊಸದಾಗಿ ಬರೆಯುವುದು ಸೂಚಿಯನ್ನಷ್ಟೇ. ತಿರುಗುವ ತಟ್ಟೆಯ ಈಗಿನ ಡಿಸ್ಕಾದರೆ ಆದಿಯಿಂದ ಅಂತ್ಯದವರೆಗೆ ಒಮ್ಮೆ ಸೊನ್ನೆಗಳನ್ನು ಬರೆದರೆ ಸಾಮಾನ್ಯವಾಗಿ ಸಾಕು. 1996ರಲ್ಲಿ ಪೀಟರ್ ಗಟ್‌ಮನ್ ಸೂಚಿಸಿದ 35 ಸುತ್ತುಗಳು ಅಂದಿನ ಹಲವು ಬಗೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದು ಮಾಡಿದ್ದು. ಇಂದಿಗೂ ಅದನ್ನೇ ಜಪಿಸುವವರಿದ್ದಾರೆ.

ಎಸ್.ಎಸ್.ಡಿ.ಯ ಮಾತು ಬೇರೆ. ಹೊಸ ಬರೆಹವನ್ನು ಅದು ಬೇರೆ ಕೋಶಕ್ಕೆ ಸಾಗಿಸುವುದರಿಂದ ಹಳೆಯದರ ಪ್ರತಿ ಎಲ್ಲೋ ಉಳಿದೀತು. ಅದಕ್ಕೆ ತಯಾರಕರೇ ಕೊಡುವ 'ಸೆಕ್ಯೂರ್ ಇರೇಸ್' ಆದೇಶ ಬೇಕು. ಇಲ್ಲವೇ ಮೊದಲ ದಿನದಿಂದಲೇ ಮಾಹಿತಿಯನ್ನು ಗೂಢಲಿಪಿಯಲ್ಲಿಟ್ಟು, ಮಾರುವಾಗ ಅದರ ಕೀಲಿಯನ್ನು ನಾಶಮಾಡಬೇಕು. ಡಿಸ್ಕು ಕೆಟ್ಟು ಯಾವ ಆದೇಶವನ್ನೂ ಕೇಳದಿದ್ದರೆ, ಗುಜರಿಗೆ ಹಾಕುವ ಮುನ್ನ ಪುಡಿಪುಡಿ ಮಾಡುವುದೊಂದೇ ದಾರಿ.