ಹತ್ತಿಯ ಬೆಲೆಯೂ ಮುಕ್ತ ವ್ಯಾಪಾರದ ನ್ಯಾಯವೂ



ಶತಮಾನೋತ್ಸವದ ಈ ಮಂಗಳ ಸಭೆಯಲ್ಲಿ ವ್ಯಾಪಾರದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕೃಷ್ಣಾತೀರದ ಗೂಗಲ್ಲಿನಿಂದ ಮಾನ್ವಿಯ ಕಡೆಯವರೆಗೆ ಹತ್ತಿ ಬೆಳೆದು, ಹತ್ತಿ ಬಿಡಿಸಿ ಬದುಕುವ ಮನೆಗಳು ನಮ್ಮಲ್ಲಿ ಅನೇಕ. ಆ ಹತ್ತಿ ಮಾರಾಟವಾಗುವುದು ರಾಯಚೂರಿನ ಮಾರುಕಟ್ಟೆಯಲ್ಲಾದರೂ, ಅದರ ಬೆಲೆಯ ಏರಿಳಿತಕ್ಕೆ ಕಾರಣಗಳು ದೂರದ ರಾಜಧಾನಿಗಳಲ್ಲಿವೆ.

2021ರಲ್ಲಿ ಭಾರತ ಸರ್ಕಾರವು ವಿದೇಶೀ ಹತ್ತಿಯ ಮೇಲೆ ಶೇಕಡಾ 11ರಷ್ಟು ಆಮದು ಸುಂಕ ವಿಧಿಸಿತು. 2022ರ ಡಿಸೆಂಬರ್ 29ರಂದು ಜಾರಿಗೆ ಬಂದ ಆಸ್ಟ್ರೇಲಿಯಾದೊಡನೆಯ ಒಪ್ಪಂದವು ವರ್ಷಕ್ಕೆ 51,000 ಟನ್ ಹತ್ತಿಗೆ ಸುಂಕವಿಲ್ಲದ ಪ್ರವೇಶ ನೀಡಿತು. 2025ರ ಆಗಸ್ಟ್ 19ರಿಂದ ಎಲ್ಲ ದೇಶಗಳ ಹತ್ತಿಗೂ ಸುಂಕದ ವಿನಾಯಿತಿ ದೊರೆಯಿತು. ಮೊದಲು ಸೆಪ್ಟೆಂಬರ್ ಅಂತ್ಯದವರೆಗೆ, ಬಳಿಕ ಡಿಸೆಂಬರ್ ಅಂತ್ಯದವರೆಗೆ. ಅಷ್ಟರಲ್ಲಿ ಮುಂಗಾರಿನ ಬಿತ್ತನೆ ಮುಗಿದು, ಸಾಲದ ಹಣ ಮಣ್ಣು ಸೇರಿಯಾಗಿತ್ತು. ಬಿತ್ತಿದ ಬೀಜವನ್ನು ಮರಳಿ ಆಯ್ದುಕೊಳ್ಳಲಾದೀತೇ? ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು, ನಿಜ. ಆದರೆ ಖರೀದಿ ಕೇಂದ್ರ ಕೊಂಡರಷ್ಟೇ ಅದು ರೈತನ ಕೈಗೆ ಬರುವ ಹಣ.

ಇನ್ನೊಂದು ಪಕ್ಷವನ್ನೂ ನಾವು ಕೇಳಬೇಕು. ಅದೇ ಆಗಸ್ಟ್ 27ರಿಂದ ಅಮೆರಿಕವು ಉಡುಪು ಸೇರಿದಂತೆ ನಮ್ಮ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ಹೇರಿತು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದುಡಿಯುವ ಸಹೋದರಿಯರಿಗೆ ಅಗ್ಗದ ಹತ್ತಿ ಕೆಲಸ ಉಳಿಸಬಹುದು. ಆದರೆ ಅವರ ಅನ್ನಕ್ಕಾಗಿ ಹತ್ತಿ ಬಿಡಿಸುವವಳ ಕೂಲಿ ಕಡಿತವಾಗಬೇಕೇ? ಇಳುವರಿ ಹೆಚ್ಚಿಸಲು ರೈತನು ಗೊಬ್ಬರವನ್ನೂ ಕೀಟನಾಶಕವನ್ನೂ ಸುರಿಯುತ್ತಾನೆ. ಆ ವಿಷ ಮಣ್ಣಿಗೂ ಹಳ್ಳದ ನೀರಿಗೂ ಸೇರುತ್ತದೆ. ಅದರ ಲೆಕ್ಕ ಯಾವ ಒಪ್ಪಂದದ ಬೆಲೆಪಟ್ಟಿಯಲ್ಲಿಯೂ ಇರುವುದಿಲ್ಲ.

ನಮ್ಮ ಸಂವಿಧಾನದಲ್ಲಿ ಕೃಷಿಯು ರಾಜ್ಯಪಟ್ಟಿಯ ವಿಷಯ. ಪರದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರದ ಅಧಿಕಾರ. ಸಹಿ ಹಾಕುವ ಮೊದಲು ರಾಜ್ಯಗಳ ಸಮ್ಮತಿಯಾಗಲಿ ಸಂಸತ್ತಿನ ಅನುಮೋದನೆಯಾಗಲಿ ಕಡ್ಡಾಯವಲ್ಲ. ಆದರೂ ಜನರ ದನಿ ವ್ಯರ್ಥವಲ್ಲ. ಆರ್.ಸಿ.ಇ.ಪಿ. ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದವನ್ನು ಹಾಲು ಉತ್ಪಾದಕರೂ ರೈತ ಸಂಘಟನೆಗಳೂ ವಿರೋಧಿಸಿದರು. 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತವು ಅದರಿಂದ ಹಿಂದೆ ಸರಿಯಿತು.

ಜಗದ್ಗುರು ಆರನೆಯ ಪೌಲರು 1967ರ ತಮ್ಮ ವಿಶ್ವಪರಿಪತ್ರದಲ್ಲಿ, ಬಲಾಬಲಗಳು ಸಮವಲ್ಲದೆಡೆ ಒಪ್ಪಿಗೆಯೊಂದರಿಂದಲೇ ಒಪ್ಪಂದವು ನ್ಯಾಯವಾಗದೆಂದು ಬೋಧಿಸಿದರು. ಕೂಲಿಯ ವಿಷಯದಲ್ಲಿ ಹದಿಮೂರನೆಯ ಲಿಯೋರವರು 1891ರಲ್ಲಿ ಸಾರಿದ ತತ್ತ್ವವನ್ನೇ ಅವರು ರಾಷ್ಟ್ರಗಳಿಗೂ ಅನ್ವಯಿಸಿದರು.

ನಾವು ವ್ಯಾಪಾರದ ವೈರಿಗಳಲ್ಲ. ಒಪ್ಪಂದದ ಭಾರ ಹೊರುವವರಿಗೆ ಅದರ ಷರತ್ತುಗಳು ಸಹಿಗೆ ಮುನ್ನವೇ ಅವರ ಭಾಷೆಯಲ್ಲಿ ತಿಳಿಯಬೇಕು, ಬಿತ್ತನೆಯ ನಂತರ ಸುಂಕ ಬದಲಾಗಬಾರದು ಎಂಬುದಷ್ಟೇ ನಮ್ಮ ಬೇಡಿಕೆ. ನಮ್ಮ ಶಾಸಕರನ್ನೂ ಸಂಸದರನ್ನೂ ಇದನ್ನು ಕೇಳೋಣ, ಗ್ರಾಮಸಭೆಗಳಲ್ಲಿ ಚರ್ಚಿಸೋಣ. ನೂರು ವರ್ಷ ಒಂದಾಗಿ ಪ್ರಾರ್ಥಿಸಿದ ಸಮುದಾಯವು ನ್ಯಾಯಕ್ಕಾಗಿ ಒಂದಾಗಿ ಮಾತನಾಡಲೂಬಲ್ಲದು.