ನನ್ನ ಮಗಳು ಮಾಡಿದ ಫೋನು



ನಾಲ್ಕು ಮಾತು ಆಡು ಅಂತ ಮೇಡಂ ಹೇಳಿದರು. ಭಾಷಣ ಮಾಡಲು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನನ್ನ ಮಗಳು ಆಗ ಎಂಟನೇ ಕ್ಲಾಸು. ಪಕ್ಕದ ಮನೆ ಹುಡುಗಿಯೂ ಅದೇ ಕ್ಲಾಸು. ಇಬ್ಬರಿಗೂ ಒಂದೇ ಬೆಂಚು. ಆ ಹುಡುಗಿಯ ಅಪ್ಪ ತೀರಿಹೋದ. ಅವ್ವ ಕೂಲಿಗೆ ಹೊರಟಳು. ಅಡುಗೆ, ನೀರು, ಚಿಕ್ಕ ತಮ್ಮ ಎಲ್ಲ ಹುಡುಗಿಯ ಮೇಲೆ ಬಿತ್ತು. ಶಾಲೆ ನಿಂತಿತು.

ಒಂದು ಸಂಜೆ ನನ್ನ ಮಗಳು ಓಡಿ ಬಂದಳು. "ಅವ್ವಾ, ಅವಳನ್ನ ಸೋದರಮಾವನಿಗೆ ಕೊಡ್ತಾರಂತೆ. ಅಳ್ತಾ ಕೂತಿದ್ದಾಳೆ" ಅಂದಳು.

"ಅವರ ಮನೆ ವಿಷಯ ನಿನಗ್ಯಾಕೆ? ಸುಮ್ನಿರು" ಅಂತ ಗದರಿಸಿದೆ.

ಆ ತಾಯಿಯ ಕಷ್ಟ ನನಗೆ ಗೊತ್ತಿತ್ತು. ಗಂಡು ದಿಕ್ಕಿಲ್ಲದ ಮನೆ. ಮೈನೆರೆದ ಹುಡುಗಿ ಹಗಲೆಲ್ಲ ಒಬ್ಬಳೇ. ಮೇಲೆ ಸಾಲ. ತಮ್ಮ ವರದಕ್ಷಿಣೆ ಬೇಡ ಅಂದಿದ್ದ. ಅವಳೇನು ಕೆಟ್ಟವಳಲ್ಲ. ನಮ್ಮಪ್ಪ ನನ್ನನ್ನೂ ಹದಿನಾಲ್ಕಕ್ಕೇ ಕೊಟ್ಟಿದ್ದರು.

ಮಗಳು ಬಿಡಲಿಲ್ಲ. "ಆಗ ನಿನಗೆ ಅಳು ಬಂದಿರ್ಲಿಲ್ವಾ ಅವ್ವಾ?" ಅಂತ ಕೇಳಿದಳು. ನಾನು ಒಲೆ ಕಡೆ ತಿರುಗಿದೆ.

ಮಾರನೇ ದಿನ ತಾನೇ ಆ ಮನೆಗೆ ಹೋದಳು. "ದೊಡ್ಡವ್ವಾ, ಅವಳಿಗೆ ಮದುವೆ ಬೇಡ್ವಂತೆ. ಅವಳು ಓದ್ಬೇಕಂತೆ" ಅಂತ ನೆಂಟರ ಮುಂದೆಯೇ ಅಂದಳು. ಬೈದು ಕಳಿಸಿದರು.

ಶಾಲೆಯ ಗೋಡೆ ಮೇಲೆ 1098 ಅಂತ ಬರೆದಿದೆ. ಅದು ಮಕ್ಕಳ ಸಹಾಯವಾಣಿ. ಹಗಲು ರಾತ್ರಿ ಫೋನು ಮಾಡಬಹುದು. ದುಡ್ಡಿಲ್ಲ. ಮಾಡಿದವರ ಹೆಸರು ಗುಟ್ಟಾಗಿ ಇಡುತ್ತಾರೆ. ಮಗಳು ನನ್ನ ಮೊಬೈಲು ಹಿಡಿದು ಹಿತ್ತಲಿಗೆ ಹೋದಳು. ನಾನು ನೋಡಿದೆ. ಕೇಳಲಿಲ್ಲ. ತಡೆಯಲೂ ಇಲ್ಲ.

ಎರಡು ದಿನಕ್ಕೆ ಜೀಪು ಬಂತು. ಚಪ್ಪರದ ಕಂಬ ನೆಟ್ಟಾಗಿತ್ತು. ಸಿಡಿಪಿಒ ಮೇಡಂ ಕೂಗಾಡಲಿಲ್ಲ. ಜಗಲಿ ಮೇಲೆ ಕೂತು ತಿಳಿಸಿ ಹೇಳಿದರು. ಹುಡುಗಿಗೆ 18 ವರ್ಷ, ಹುಡುಗನಿಗೆ 21 ವರ್ಷ ತುಂಬಬೇಕು. ಇದು 2006ರ ಕಾನೂನು. ಮೀರಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನಮ್ಮ ರಾಜ್ಯದಲ್ಲಿ ಅಂಥ ಮದುವೆಗೆ ತಾಳಿ ಕಟ್ಟಿದರೂ ಅದು ಮದುವೆಯೇ ಅಲ್ಲ. ಮದುವೆಗೆ ಹೋಗಿ ಕೂತವರ ಮೇಲೂ ಕೇಸು ಹಾಕಬಹುದಂತೆ. ನನ್ನ ಎದೆ ಧಸಕ್ಕೆಂದಿತು. ಲಾಡು ಕಟ್ಟಲು ನನ್ನನ್ನೂ ಕರೆದಿದ್ದರು!

ಮದುವೆ ನಿಂತಿತು. ಹಾಗಂತ ಕಷ್ಟ ನಿಂತೀತೇ? ಅಂಗನವಾಡಿ ಟೀಚರು ಓಡಾಡಿ ಆ ತಾಯಿಗೆ ವಿಧವಾ ವೇತನದ ಅರ್ಜಿ ಬರೆಸಿದರು. ಹುಡುಗಿಗೆ ಕಸ್ತೂರಬಾ ಶಾಲೆಯಲ್ಲಿ ಜಾಗ ಸಿಕ್ಕಿತು. ಊಟ, ವಸತಿ ಅಲ್ಲೇ. ಚಿಕ್ಕವನು ಸಂಜೆವರೆಗೆ ನಮ್ಮ ಮನೆಯಲ್ಲಿರಲಿ ಅಂತ ನಾನೇ ಹೇಳಿ ಕಳಿಸಿದೆ. ಮೊದಮೊದಲು ಅವಳು ಒಪ್ಪಲಿಲ್ಲ.

ಫೋನು ಮಾಡಿದ್ದು ಯಾರು ಅಂತ ಯಾರೂ ಬಾಯಿ ಬಿಡಲಿಲ್ಲ. ಆದರೂ ಆಕೆಗೆ ತಿಳಿಯದೆ ಇರುತ್ತದೆಯೇ? ಆರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದಳು. ನಾನು ನಲ್ಲಿ ಹತ್ತಿರ ಹೋದರೆ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೊರಡುತ್ತಿದ್ದಳು.

ಮೊನ್ನೆ ಹಾಸ್ಟೆಲಿನಿಂದ ಹುಡುಗಿಯ ಕಾಗದ ಬಂತು. ಆಕೆ ನಮ್ಮ ಬಾಗಿಲಿಗೆ ಬಂದು ನಿಂತಳು. "ನಿನ್ನ ಮಗಳು ಇದ್ದಾಳಾ? ಇದನ್ನ ಓದಿಸ್ಬೇಕಿತ್ತು" ಅಂದಳು.

ಮಗಳು ಟ್ಯೂಷನ್ನಿಗೆ ಹೋಗಿದ್ದಳು. ನಾನೇ ಅಕ್ಷರ ಕೂಡಿಸಿಕೊಂಡು ಓದಿದೆ. ಎರಡು ಕಡೆ ತಡವರಿಸಿದೆ. ಆಕೆ ಹೊಸ್ತಿಲ ಮೇಲೆ ಕೂತು ಕೊನೆವರೆಗೂ ಕೇಳಿಸಿಕೊಂಡಳು.