ಒತ್ತೆಯಾದ ಅಕ್ಷರಗಳು

(ಮುಂಬಯಿಯ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ವಚನ ಸಾಹಿತ್ಯ, ಗಡಿ ಸಮಸ್ಯೆ, ಮುಂಬಯಿಯ ರಾತ್ರಿಶಾಲೆಗಳ ಚರಿತ್ರೆ ಮುಂತಾದವುಗಳ ಬಗ್ಗೆ ವಿದ್ವಾಂಸರು ಮಾತನಾಡಿರುವ ವೇದಿಕೆಯಿದು. ಮನೆಯ ಕಂಪ್ಯೂಟರಿಗೆ ತಗಲುವ ರೋಗವೊಂದರ ವಿಚಾರಕ್ಕೆ ಇಲ್ಲಿ ಏನು ಕೆಲಸ ಎಂದು ಕೆಲವರಿಗಾದರೂ ಅನ್ನಿಸಿರಬೇಕು. ಬ್ಯಾಂಕೊಂದರ ಗಣಕ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಈ ವಿಷಯ ಸಾಹಿತ್ಯದಿಂದ ಅಷ್ಟೇನೂ ದೂರದ್ದಲ್ಲ. ಹೊರನಾಡಿನಲ್ಲಿ ಇಂದು ಬರೆಯಲಾಗುತ್ತಿರುವ ಕನ್ನಡದ ದೊಡ್ಡ ಪಾಲು ಗ್ರಂಥಾಲಯಗಳ ಕಪಾಟಿನಲ್ಲಿಲ್ಲ. ನಿವೃತ್ತರ ಮನೆಯ ಮೂಲೆಯಲ್ಲಿರುವ, ಮೊಮ್ಮಕ್ಕಳು ಆಟಕ್ಕೂ ಬಳಸುವ ಒಂದೇ ಒಂದು ಯಂತ್ರದಲ್ಲಿದೆ. ಒಳನಾಡಿನಲ್ಲಾದರೆ ಹಸ್ತಪ್ರತಿಯೊಂದು ಕಳೆದರೂ ವಿಶ್ವವಿದ್ಯಾಲಯದಲ್ಲೋ ಅಕಾಡೆಮಿಯಲ್ಲೋ ಇನ್ನೊಂದು ಪ್ರತಿ ಸಿಕ್ಕೀತು. ನಮ್ಮಲ್ಲಿ ಎರಡನೆಯ ಪ್ರತಿ ಎಂಬುದೇ ಅಪರೂಪ.

ರ‍್ಯಾನ್ಸಮ್‌ವೇರ್ ಎಂಬುದನ್ನು ನಾವು ಸುಲಿಗೆ ತಂತ್ರಾಂಶ ಎಂದು ಕರೆಯಬಹುದು. ಸಾಮಾನ್ಯ ಕಳ್ಳ ವಸ್ತುವನ್ನು ಹೊತ್ತೊಯ್ಯುತ್ತಾನೆ. ಈ ಕಳ್ಳ ಏನನ್ನೂ ಒಯ್ಯಬೇಕಾಗಿಲ್ಲ. ನಮ್ಮ ಮನೆಯಲ್ಲಿಯೇ, ನಮ್ಮ ಪೆಟ್ಟಿಗೆಗೆ ತನ್ನ ಬೀಗ ಜಡಿದು, ಕೀಲಿಗೆ ಹಣ ಕೇಳುತ್ತಾನೆ. ಇದು ಹೊಸ ವಿದ್ಯೆಯೂ ಅಲ್ಲ. ೧೯೮೯ರಲ್ಲಿ ಜೋಸೆಫ್ ಪಾಪ್ ಎಂಬ ಅಮೆರಿಕದ ಜೀವವಿಜ್ಞಾನಿಯೊಬ್ಬ ಏಡ್ಸ್ ರೋಗದ ಮಾಹಿತಿ ಎಂಬ ಹೆಸರಿನಲ್ಲಿ ಸುಮಾರು ೨೦,೦೦೦ ಫ್ಲಾಪಿಗಳನ್ನು ಅಂಚೆಯ ಮೂಲಕ ಹಂಚಿದನೆಂಬುದು ಆಗಿನ ಆರೋಪ. ಫ್ಲಾಪಿ ಹಾಕಿಕೊಂಡವರ ಯಂತ್ರದಲ್ಲಿ, ಅದನ್ನು ಹಲವು ಬಾರಿ ಚಾಲೂ ಮಾಡಿದ ಬಳಿಕ, ಕಡತಗಳ ಹೆಸರುಗಳೆಲ್ಲ ಕಲಸುಮೇಲೋಗರವಾಗಿ, ಪನಾಮಾ ದೇಶದ ಅಂಚೆಪೆಟ್ಟಿಗೆಗೆ ೧೮೯ ಡಾಲರ್ ಕಳಿಸಿರೆಂಬ ಬೇಡಿಕೆ ಮೂಡಿತು. ಅದೃಷ್ಟಕ್ಕೆ, ಆ ಬೀಗದ ಕೀಲಿ ಅದೇ ಕ್ರಮವಿಧಿಯೊಳಗೆ ಅಡಗಿತ್ತು. ಬಲ್ಲವರು ಬಿಡಿಸಿ ನೋಡಿ ಬೇಗನೆ ಪ್ರತಿವಿಧಾನ ರಚಿಸಿದರು.

ಆ ಅದೃಷ್ಟ ಹೆಚ್ಚು ಕಾಲ ಉಳಿಯುವಂಥದಾಗಿರಲಿಲ್ಲ. ಬೀಗ ಹಾಕುವ ಕೀಲಿಯೊಂದು, ತೆಗೆಯುವ ಕೀಲಿ ಇನ್ನೊಂದು ಎಂಬ ಗಣಿತ ಅದಾಗಲೇ ಬಳಕೆಯಲ್ಲಿತ್ತು. ಅದನ್ನು ಸುಲಿಗೆಗೂ ಹೂಡಬಹುದೆಂದು ಆಡಮ್ ಯಂಗ್ ಮತ್ತು ಮೋಟಿ ಯಂಗ್ ಎಂಬ ಇಬ್ಬರು ವಿದ್ವಾಂಸರು ೧೯೯೬ರಲ್ಲಿ ತೋರಿಸಿ ಎಚ್ಚರಿಸಿದರು. ಹಾಕುವ ಕೀಲಿ ನಮ್ಮ ಯಂತ್ರಕ್ಕೆ ಬರುತ್ತದೆ, ತೆಗೆಯುವ ಕೀಲಿ ಕಳ್ಳನ ಬಳಿಯೇ ಉಳಿಯುತ್ತದೆ. ಆದ್ದರಿಂದ ಕಳ್ಳನನ್ನು ಮನೆಯಿಂದ ಹೊರಗಟ್ಟುವುದು ಒಂದು ಕೆಲಸ, ಅವನ ಬೀಗ ತೆಗೆಯುವುದು ಬೇರೆಯೇ ಕೆಲಸ. ಮೊದಲನೆಯದು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಎರಡನೆಯದಕ್ಕೆ ವರ್ಷಗಳು ಹಿಡಿಯಬಹುದು, ಆಗದೆಯೂ ಹೋಗಬಹುದು. ಮನೆಮಂದಿ ಗಾಬರಿಗೊಂಡು ಮೊದಲನೆಯದನ್ನು ಮುಗಿಸುವ ಭರದಲ್ಲಿ ಎರಡನೆಯದರ ದಾರಿಯನ್ನೇ ಮುಚ್ಚಿಕೊಳ್ಳುವುದನ್ನು ನಾನು ಹಲವು ಕಡೆ ಕಂಡಿದ್ದೇನೆ.

ಡೊಂಬಿವಲಿಯ ಹಿರಿಯರೊಬ್ಬರ ಮನೆಯಲ್ಲಿ ನಡೆದದ್ದನ್ನು ಅವರ ಒಪ್ಪಿಗೆ ಪಡೆದೇ ಹೇಳುತ್ತೇನೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹಳಬರನ್ನು ಹುಡುಕಿ, ಅವರ ಮಾತುಗಳನ್ನು ಧ್ವನಿಮುದ್ರಿಸಿ, ಒಂದೊಂದನ್ನೂ ನುಡಿಯಲ್ಲಿ ಟೈಪ್ ಮಾಡಿ ಇಟ್ಟವರು ಅವರು. ಆ ಹಳಬರಲ್ಲಿ ಅರ್ಧದಷ್ಟು ಜನ ಈಗ ಇಲ್ಲ. ಒಂದು ಸಂಜೆ ಮೊಮ್ಮಗ ವಿಡಿಯೊ ಜೋಡಿಸುವ ದುಬಾರಿ ತಂತ್ರಾಂಶವೊಂದರ ಕ್ರ್ಯಾಕ್ ಮಾಡಿದ ಪ್ರತಿಯನ್ನು ಇಳಿಸಿಕೊಂಡ. ಆಂಟಿವೈರಸ್ಸನ್ನು ನಿಲ್ಲಿಸಿರಿ ಎಂದು ಅದರೊಂದಿಗೆ ಬಂದ ಸೂಚನೆಯೇ ಹೇಳಿತ್ತು. ಸ್ವಲ್ಪ ಹೊತ್ತಿನಲ್ಲಿ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದೆಯೆಂಬ ನಯವಾದ ಸುಳ್ಳು ಪರದೆ ಮೂಡಿತು. ಅದರ ಮರೆಯಲ್ಲಿ ಬೀಗ ಜಡಿಯುವ ಕೆಲಸ ಸಾಗಿತ್ತು.

ಇದು ಸ್ಟಾಪ್ ಅಥವಾ ಡಿಜೆವಿಯು ಎಂದು ಹೆಸರಾದ ಕುಲ. ಆಸ್ಪತ್ರೆ, ಬಂದರುಗಳ ತಂಟೆಗೆ ಹೋಗದೆ ಮನೆಗಳನ್ನೇ ನಂಬಿ ಬದುಕಿದ್ದು. ಕೇಳಿದ ಮೊತ್ತ ೯೮೦ ಡಾಲರ್. ೭೨ ಗಂಟೆಯೊಳಗೆ ಕೊಟ್ಟರೆ ಅರ್ಧ ರಿಯಾಯಿತಿ, ಥೇಟ್ ದೀಪಾವಳಿ ಸೇಲಿನಂತೆ! ಇನ್ನೊಂದು ವಿಶೇಷವಿದೆ. ಒಳಹೊಕ್ಕೊಡನೆ ಅದು ತಾನು ಯಾವ ದೇಶದಲ್ಲಿದ್ದೇನೆಂದು ವಿಚಾರಿಸಿಕೊಳ್ಳುತ್ತದೆ. ರಷ್ಯಾ, ಬೆಲಾರೂಸ್, ಉಕ್ರೇನ್, ಕಜಕಸ್ತಾನ ಮೊದಲಾದ ದೇಶಗಳಾದರೆ ಬೀಗ ಹಾಕದೆ ಹಿಂದೆಗೆಯುತ್ತದೆ. ಭಾರತ ಆ ಪಟ್ಟಿಯಲ್ಲಿಲ್ಲ. ಕ್ರ್ಯಾಕ್ ಬಳಸಬೇಡಿರೆಂದು ನೀತಿ ಹೇಳುವುದು ಸುಲಭ. ಡಾಲರಿನಲ್ಲಿ ಬೆಲೆ ಕಟ್ಟಿದ ತಂತ್ರಾಂಶವನ್ನು ರೂಪಾಯಿಯ ಸಂಬಳದ ಮನೆ ಹೇಗೆ ಕೊಳ್ಳಬೇಕೆಂಬ ಪ್ರಶ್ನೆಗೆ ಆ ನೀತಿಯಲ್ಲಿ ಉತ್ತರವಿಲ್ಲ. ಆದರೆ ಲಿಬ್ರೆ ಆಫೀಸ್, ಆಡಾಸಿಟಿಗಳಂಥ ಒಳ್ಳೆಯ ಉಚಿತ ತಂತ್ರಾಂಶಗಳಿವೆ. ನಮ್ಮ ನುಡಿಯೂ ಉಚಿತವೇ. ಇವನ್ನು ಮಕ್ಕಳಿಗೆ ಪರಿಚಯಿಸುವ ಕೆಲಸವನ್ನು ಸಂಘಗಳು ಮಾಡಬಹುದಿತ್ತು.

ಮರುದಿನ ಬಂದ ರಿಪೇರಿಯವರು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುವುದೊಂದೇ ದಾರಿ ಎಂದರಂತೆ. ಸೊಸೆ ತಡೆದು ನನಗೆ ಫೋನ್ ಮಾಡಿದಳು. ಫಾರ್ಮ್ಯಾಟ್ ಮಾಡಿದರೆ ಕಳ್ಳ ಹೋಗುವುದು ನಿಜ, ಬೀಗ ಬಿದ್ದ ಪೆಟ್ಟಿಗೆಯೂ ಅವನೊಂದಿಗೆ ಹೋಗುತ್ತದೆ. ನಾವು ಮೊದಲು ಅಂತರ್ಜಾಲದ ತಂತಿ ಕಿತ್ತೆವು, ಪೆನ್‌ಡ್ರೈವ್‌ಗಳನ್ನು ದೂರವಿಟ್ಟೆವು. ಹಣ ಕೇಳುವ ಚೀಟಿಯ ಕಡತವನ್ನು ಅಳಿಸದೆ ಅದರಲ್ಲಿದ್ದ ಗುರುತಿನ ಸಂಖ್ಯೆಯ ಚಿತ್ರ ತೆಗೆದುಕೊಂಡೆವು. ಯಂತ್ರವನ್ನು ಆರಿಸಿ, ಹಾರ್ಡ್‌ಡಿಸ್ಕನ್ನು ಬಿಚ್ಚಿ, ಇನ್ನೊಂದು ಶುದ್ಧ ಯಂತ್ರದ ನೆರವಿನಿಂದ ಬೀಗ ಬಿದ್ದ ಕಡತಗಳಷ್ಟನ್ನೂ ಹೊಸ ಡಿಸ್ಕಿಗೆ ನಕಲು ಮಾಡಿದೆವು.

ಶುಚಿಗೊಳಿಸುವ ಕೆಲಸಕ್ಕೆ ತೊಡಗಿದ್ದು ಆಮೇಲೆ. ವಿಂಡೋಸಿನಲ್ಲೇ ಇರುವ ಡಿಫೆಂಡರಿಗೆ, ವಿಂಡೋಸ್ ಏಳುವ ಮೊದಲೇ ಶೋಧಿಸುವ ಆಫ್‌ಲೈನ್ ಸ್ಕ್ಯಾನ್ ಎಂಬ ಏರ್ಪಾಡಿದೆ. ಕಳ್ಳ ಮಲಗಿರುವಾಗಲೇ ಹಿಡಿದಂತೆ. ಅಷ್ಟಕ್ಕೆ ತೃಪ್ತರಾಗಬಾರದು. ಈ ಕುಲ ಟಾಸ್ಕ್ ಶೆಡ್ಯೂಲರಿನಲ್ಲಿ ‘ಟೈಮ್ ಟ್ರಿಗರ್ ಟಾಸ್ಕ್’ ಎಂಬ ಹೆಸರಿನಿಂದ ತನ್ನನ್ನು ಮತ್ತೆ ಮತ್ತೆ ಎಬ್ಬಿಸುವ ಗಡಿಯಾರವೊಂದನ್ನು ಇಟ್ಟಿರುತ್ತದೆ. ಅದನ್ನು ಕಿತ್ತು ಹಾಕಬೇಕು. ಹೋಸ್ಟ್ಸ್ ಎಂಬ ಕಡತವನ್ನು ತಿದ್ದಿ ಭದ್ರತಾ ಸಂಸ್ಥೆಗಳ ತಾಣಗಳು ತೆರೆಯದಂತೆ ಮಾಡಿರುತ್ತದೆ, ಅದನ್ನೂ ಸರಿಪಡಿಸಬೇಕು. ಜೊತೆಗೆ ಪಾಸ್‌ವರ್ಡ್ ಕದಿಯುವ ಸಹಚರನೊಬ್ಬನನ್ನು ಕರೆತರುವುದು ಇದರ ವಾಡಿಕೆ. ಆದ್ದರಿಂದ ಬ್ಯಾಂಕ್, ಮೇಲ್‌ಗಳ ಗುಪ್ತಪದಗಳನ್ನು ಬೇರೊಂದು ಸಾಧನದಿಂದ ಅಂದೇ ಬದಲಿಸಿದೆವು. ೧೯೩೦ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರನ್ನೂ ಕೊಟ್ಟೆವು.

ಇನ್ನು ಬೀಗದ ಮಾತು. ೨೦೧೬ರಲ್ಲಿ ನೆದರ್ಲೆಂಡ್ಸ್ ಪೊಲೀಸರು, ಯುರೋಪೋಲ್ ಮತ್ತು ಕೆಲವು ಭದ್ರತಾ ಸಂಸ್ಥೆಗಳು ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಎಂಬ ಯೋಜನೆಯಿದೆ. ಬೀಗ ಬಿದ್ದ ಕಡತವನ್ನೂ ಚೀಟಿಯನ್ನೂ ತೋರಿಸಿದರೆ ಕುಲಗೋತ್ರ ಹೇಳಿ, ಕೀಲಿ ಇದ್ದರೆ ಉಚಿತವಾಗಿ ಕೊಡುತ್ತದೆ. ಡಿಜೆವಿಯುವಿನ ೧೪೮ ರೂಪಾಂತರಗಳಿಗೆ ೨೦೧೯ರ ಅಕ್ಟೋಬರಿನಲ್ಲಿ ಎಮ್ಸಿಸಾಫ್ಟ್ ಸಂಸ್ಥೆ ಪರಿಹಾರ ಪ್ರಕಟಿಸಿತು. ಆ ಹೊತ್ತಿಗಾಗಲೇ ಕಳ್ಳರು ಗಟ್ಟಿಯಾದ ಬೀಗಕ್ಕೆ ಬದಲಾಗಿದ್ದರು. ಆ ಬಳಿಕದವುಗಳಲ್ಲಿ ಅಂತರ್ಜಾಲ ಸಿಗದೆ ತನ್ನೊಳಗಿನ ಸಾಮಾನ್ಯ ಕೀಲಿಯನ್ನೇ ಬಳಸಿದ್ದರೆ ಆಸೆಯಿದೆ. ಗುರುತಿನ ಸಂಖ್ಯೆಯ ಕೊನೆಯಲ್ಲಿ ‘ಟಿ ೧’ ಎಂದಿರುವುದು ಅದರ ಕುರುಹು. ಡೊಂಬಿವಲಿಯ ಚೀಟಿಯಲ್ಲಿ ಆ ಕುರುಹು ಇರಲಿಲ್ಲ.

ಹಣ ಕೊಡಬಾರದೇ ಎಂದು ಹಿರಿಯರು ಕೇಳಿದರು. ನಮ್ಮ ನೆರೆಯ ನ್ಹಾವಾ ಶೇವಾ ಬಂದರಿನ ಟರ್ಮಿನಲ್ ಒಂದು ೨೦೧೭ರ ಜೂನಿನಲ್ಲಿ ಸ್ತಬ್ಧವಾದದ್ದು ತಮಗೆ ನೆನಪಿರಬಹುದು. ಅಂದು ಜಗತ್ತನ್ನು ಕಾಡಿದ ನಾಟ್‌ಪೆಟ್ಯಾ ಹಣವನ್ನೇನೋ ಕೇಳಿತು, ಆದರೆ ಅದರಲ್ಲಿ ಬೀಗ ತೆಗೆಯುವ ಏರ್ಪಾಡೇ ಇರಲಿಲ್ಲ. ಕೇಳುವವನ ಬಳಿ ಕೀಲಿ ಇದೆಯೆಂಬುದಕ್ಕೆ ಅವನ ಮಾತಲ್ಲದೆ ಬೇರೆ ಸಾಕ್ಷಿ ಇಲ್ಲ ಎಂದೆ. ಅವರು ಕೊಡಲಿಲ್ಲ.

ಆಗ ಕಂಡದ್ದು ಒಂದು ವಿಚಿತ್ರ. ಈ ಕುಲ ಅವಸರದ್ದು. ಪ್ರತಿ ಕಡತದ ಮೊದಲ ೧೫೦ ಕಿಲೋಬೈಟಿಗೆ ಮಾತ್ರ ಬೀಗ ಹಾಕಿ ಮುಂದೆ ಓಡುತ್ತದೆ. ಸಿ.ಡಿ. ಗುಣಮಟ್ಟದ ಧ್ವನಿಮುದ್ರಣದಲ್ಲಿ ಅದು ಒಂದು ಸೆಕೆಂಡಿನಷ್ಟೂ ಅಲ್ಲ. ಅದೇ ರೆಕಾರ್ಡರಿನ ಕೆಡದ ಕಡತವೊಂದನ್ನು ಮಾದರಿಯಾಗಿ ಕೊಟ್ಟು ಹೊಸ ತಲೆಬರಹ ಜೋಡಿಸಿದಾಗ, ‘ನಮಸ್ಕಾರ’ದ ‘ನ’ಕಾರ ಕಳೆದುಕೊಂಡ ದನಿಗಳು ಒಂದೊಂದಾಗಿ ಹೊರಬಂದವು. ಟೈಪ್ ಮಾಡಿದ ಬರಹಗಳಾದರೋ ಚಿಕ್ಕವು. ಬಹುತೇಕ ಯಾವುದೂ ೧೫೦ ಕಿಲೋಬೈಟ್ ಮುಟ್ಟದ್ದರಿಂದ ಇಡಿಯಾಗಿ ಬೀಗದೊಳಗೆ ಸಿಕ್ಕಿಬಿದ್ದವು. ಹಿಂದೆ ಪತ್ರಿಕೆಗಳಿಗೆ ಮೇಲ್ ಮಾಡಿದ್ದ ನಾಲ್ಕು ಬರಹಗಳು ಮಾತ್ರ ಮೇಲ್‌ಪೆಟ್ಟಿಗೆಯಲ್ಲಿ ಉಳಿದಿದ್ದವು.

ನಕಲು ಮಾಡಿದ ಡಿಸ್ಕನ್ನು ಹೆಸರು, ತಾರೀಖು ಬರೆದು ಅವರ ಗೋದ್ರೆಜ್ ಕಪಾಟಿನಲ್ಲಿ ಇರಿಸಿದ್ದೇವೆ. ೨೦೧೩ರ ಕ್ರಿಪ್ಟೋಲಾಕರ್ ಪೀಡಿತರಿಗೆ ಮರುವರ್ಷ ಪೊಲೀಸ್ ಕಾರ್ಯಾಚರಣೆಯ ಫಲವಾಗಿ ಕೀಲಿಗಳು ದೊರೆತ ಉದಾಹರಣೆಯಿದೆ. ಜೊತೆಗೆ ಇನ್ನೊಂದು ಡಿಸ್ಕ್ ಕೊಂಡಿದ್ದೇವೆ. ತಿಂಗಳಿಗೊಮ್ಮೆ ನಕಲು ಮಾಡುವ ಅರ್ಧ ಗಂಟೆ ಬಿಟ್ಟರೆ ಅದು ಕಂಪ್ಯೂಟರಿಗೆ ತಾಗುವುದಿಲ್ಲ; ಸದಾ ಚುಚ್ಚಿಕೊಂಡೇ ಇರುವ ಡಿಸ್ಕಿಗೂ ಬೀಗ ಬೀಳುತ್ತದೆ.

ಈಗ ಹಿರಿಯರ ಕೈ ನಡುಗುತ್ತದೆ, ಮತ್ತೆ ಟೈಪ್ ಮಾಡಲಾರರು. ಸಂಘದ ಮೂವರು ಯುವಕರು ಧ್ವನಿ ಕೇಳಿ ಬರೆದುಕೊಳ್ಳತೊಡಗಿದ್ದಾರೆ. ಅವರು ಇಲ್ಲೇ ಹುಟ್ಟಿ ಬೆಳೆದವರು. ಕುಂದಾಪುರದ ಕಡೆಯ ಮಾತು ಅವರಿಗೆ ಅಲ್ಲಲ್ಲಿ ತಿಳಿಯದು, ಹನ್ನೊಂದು ಸಂದರ್ಶನಗಳು ಅಲ್ಲಿಗೇ ನಿಂತಿವೆ. ಆ ಕಡೆಯವರು ಸಭೆಯಲ್ಲಿದ್ದರೆ, ಚಹಾದ ಹೊತ್ತಿನಲ್ಲಿ ಕಾರ್ಯದರ್ಶಿಯವರ ಬಳಿ ಹೆಸರು ಕೊಡಬೇಕಾಗಿ ವಿನಂತಿ.